ವಾಪಸು ನಡೆಯುವ ಆಟ

ಹೆಸರು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕಿದೆ,
ನಾವದನ್ನು ಲಾಟೀನಕ್ಕ ಅಂತೀವಿ.
ನಾವು ಅಂದರೆ ಇಬ್ಬರೇ:
ಜೆರಾಕ್ಸ್ ಅಂಗಡಿಯ ನಾನು,
ಮಂಡಕ್ಕಿ ಭಟ್ಟಿಯ ದಾದಾಪೀರ.
ಕನ್ಸೋಲು ಡೆಂಟಲ್ ಕಾಲೇಜಿನ ಹುಡುಗನದು,
ಊರು ಬಿಡುವಾಗ ಅರ್ಧ ರೇಟಿಗೆ ಕೊಟ್ಟ,
ಜೊತೆಗೆ ಎಡಗುಂಡಿ ಕಚ್ಚಿಕೊಳ್ಳುವ ರಿಮೋಟು.

ಮೊದಲು ಬಯ್ಯುವುದನ್ನು ಬಯ್ದುಬಿಡ್ತೀನಿ.
ಕಾದಾಟ ಅತಿಯಾಯಿತು.
ಒಂದು ಬಾಗಿಲಿಗೆ ಹದಿನೆಂಟು ಮಂದಿ ಕಾವಲೇ?
ಎಲ್ಲರಿಗೂ ಒಂದೇ ಮೀಸೆ, ಒಂದೇ ಕೂಗು.
ನನಗೆ ಗೊತ್ತಾಗಲ್ವಾ,
ದಿನಕ್ಕೆ ಸಾವಿರ ಕಾಪಿ ತೆಗೆಯುವವಳಿಗೆ?
ಕುದುರೆ ಬಂಡೆಸಂದಿಯಲ್ಲಿ ಸಿಕ್ಕಿಕೊಂಡು
ನಿಂತಲ್ಲೇ ನಾಗಾಲೋಟ ಓಡುತ್ತೆ.
ಎಷ್ಟು ಬಾಣ ನಾಟಿದರೂ ಒಂದು ರೊಟ್ಟಿ ತಿಂದರೆ
ಲಾಟೀನಕ್ಕನ ಗಾಯ ಮಾಯ.
(ರೊಟ್ಟಿಯ ಬಗ್ಗೆ ದಾದಾಪೀರನ ತಕರಾರಿಲ್ಲ.)

ಆದರೂ.

ದ್ವೀಪದ ಆ ತುದಿಗೆ ತಮ್ಮನನ್ನು
ಕಳ್ಳರು ಒಯ್ದರು ಅಂತ ಊರು ಹೇಳುತ್ತೆ.
ಅಕ್ಕ ಲಾಟೀನು ಹಿಡಿದು ಹೊರಡ್ತಾಳೆ,
ಎಣ್ಣೆ ಅಳತೆಯದು, ಕತ್ತಲಿಗೆ ಅಳತೆಯಿಲ್ಲ.
ಇಪ್ಪತ್ತಾರು ತಾಸು ಆಡಿದೆ ನಾನು,
ಅಂಗಡಿಯ ಶಟರ್ ಎಳೆದ ಮೇಲೆ,
ಭಟ್ಟಿಯ ಹೊಗೆ ಕಿಟಕಿಗೆ ಬಂದು ಕೂತ ಮೇಲೆ,
ಸೇವ್ ಆಗುವ ಮುಂಚೆ ಎರಡು ಸಲ ಕರೆಂಟು ಹೋಗಿ
ಸತ್ತ ತೋಳಗಳನ್ನೇ ಮತ್ತೆ ಕೊಂದು.

ಕೊನೆಗೆ ಸಿಕ್ಕ.
ಗುಡಿಸಲ ಮುಂದೆ ಬಲೆ ಹೆಣೆಯುತ್ತಿದ್ದ.
ಯಾರೂ ಒಯ್ದಿರಲಿಲ್ಲ.
ಅಕ್ಕನ್ನ ನೋಡಿ ಎದ್ದು ನಿಂತ, ನೀರು ಕೊಟ್ಟ,
'ಬರಲ್ಲಕ್ಕಾ' ಅಂದ. ಅಷ್ಟೇ.

ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ.
ಎಳಿ, ಹೊಡಿ, ಮಾತಾಡು,
ಯಾವುದಕ್ಕೂ ಅಕ್ಕ ಅಲುಗಲ್ಲ.
ಒಂದು ಮಾತ್ರ ಆಗುತ್ತೆ: ತಿರುಗು.

ಅಲ್ಲಿಗೆ ಮುಗೀಬೇಕಿತ್ತು ಅಂತಾನೆ ದಾದಾಪೀರ,
ಮಿರ್ಚಿ ಮುರಿದು ಮಂಡಕ್ಕಿ ಮೇಲಿಡುತ್ತ.
'ಬಂದ ದಾರೀನೇ ವಾಪಸ್ ನಡಸ್ತಾರಲ್ಲಕ್ಕಾ, ಮುಕ್ಕಾಲು ತಾಸು!
ಒಬ್ಬ ವೈರಿ ಇಲ್ಲ, ಮ್ಯೂಜಿಕ್ ಇಲ್ಲ,
ಕುದುರೆ ಸೈತ ಇಲ್ಲ.
ರೊಕ್ಕ ಮುಗಿದಿರಬೇಕು ಅವರದ್ದು.'

ಹಂಗಲ್ಲ ಕಣೋ.
ನೀನು ಅಲ್ಲೂ ಓಡೋ ಗುಂಡಿ ಒತ್ತಿರ್ತೀಯ.
ನಾನು ಬಿಟ್ಟೆ.
ಬಿಟ್ಟಿದ್ದಕ್ಕೆ ಕಾಣಿಸಿತು
ನಾನು ಕೊಂದ ಕಾವಲುಗಾರ ಅರ್ಧ ಕುಡಿದಿಟ್ಟ ಗಂಜಿ,
ಅವನ ಗೋಡೆಗೆ ಮಗು ಗೀಚಿದ ಮೀನು.
ತೋಳದ ಗವಿಯಲ್ಲಿ ಮರಿ ಮೂರು,
ಇನ್ನೂ ಕಣ್ಣು ಬಿಟ್ಟಿಲ್ಲ.
ಹೋಗುವಾಗ ಒದ್ದು ತೆಗೆದ ಬಾಗಿಲನ್ನ
ಬರುವಾಗ ಮುಚ್ಚಬಹುದು. ಮುಚ್ಚಿದರೆ
ನಾಣ್ಯ ಸಿಗಲ್ಲ, ಪಾಯಿಂಟು ಸಿಗಲ್ಲ,
ಚಿಲಕ ಬಿದ್ದ ಸದ್ದು ಕೇಳುತ್ತೆ.
ಎಲ್ಲವನ್ನೂ ಮುಚ್ಚಿದೆ ನಾನು.
ಒಂಬತ್ತು.

ಬೇಜಾರಂತೆ ಬೇಜಾರು!
ದಾವಣಗೆರೆಯವರು ಕಣೋ ನಾವು,
ಅಶೋಕ ರೋಡಿನ ಗೇಟು ಬಿದ್ದಾಗ
ಗೂಡ್ಸು ಗಾಡಿಯ ಡಬ್ಬಿ ಎಣಿಸುತ್ತ ಬೆಳೆದವರು.
ಐವತ್ತೆಂಟು ಮುಗಿದು ಗೇಟು ಇನ್ನೇನು ಏಳಬೇಕು,
ಆ ಕಡೆಯಿಂದ ಇನ್ನೊಂದು ಕೂಗಿದಾಗ
ಗಾಡಿ ಆಫ್ ಮಾಡಿ ಸುಮ್ಮನೆ ನಿಂತವರು.

ಹರಿಹರ ಇಲ್ಲಿಂದ ಹದಿನಾಲ್ಕು ಕಿಲೋಮೀಟರು.
ಯುಗಾದಿಯ ಮಾರನೇ ದಿನ ಭೂಷಿಯನ್ನ ಕರೆಯೋಕೆ ಹೋಗಿದ್ದೆ.
ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ
ಟೀ ತರಿಸಿದ, ಬನ್ನು ತರಿಸಿದ.
ಆಮೇಲೆ ಅದೇ ಮಾತು.
ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಕಿಟಕಿ ಪಕ್ಕವೇ.
ಕಣ್ಣು ಮುಚ್ಚಿಕೊಂಡೇ ಬಂದುಬಿಟ್ಟೆ.
ದಾರಿಯಲ್ಲಿ ಏನೇನಿತ್ತೋ.

ಆಟದಲ್ಲಿ ಕೊನೆಗೆ ಲಾಟೀನಿನ ಎಣ್ಣೆ ತೀರುತ್ತೆ,
ಸರಿಯಾಗಿ ಅದೇ ಹೊತ್ತಿಗೆ ಬೆಳಗೂ ಆಗುತ್ತೆ.
ಅದು ಸ್ವಲ್ಪ ಸಿನಿಮಾ ಆಯ್ತು,
ಒಂದು ಅಂಕ ಕಳೀತೀನಿ.
ಕುದುರೆಗೆ ಅರ್ಧ.
ಹತ್ತಕ್ಕೆ ಎಂಟೂವರೆ.

ದಾದಾಪೀರ ಆರು ಅಂತಾನೆ.
ಅಂದವನೇ ಭಟ್ಟಿಯ ಕರಿ ಬೆರಳಲ್ಲಿ ರಿಮೋಟು ತಗೊಂಡು
ಮತ್ತೆ ಮೊದಲಿಂದ ಶುರು ಹಚ್ಚಿದಾನೆ.
ಈ ಸಲ ತೋಳದ ಗವಿ ಬಳಸಿ ಹೋಗ್ತಾನಂತೆ.
ನೋಡೋಣ.
ಆ ದಾರಿಗೆ ಎಣ್ಣೆ ಸಾಲಲ್ಲ.