ಹದಿನೇಳನೇ ಪ್ಲೇಟು

ರಬಕವಿಯ ಬಣ್ಣದ ಮನೆಗಳ ನೀರು
ನಮ್ಮಲ್ಲಿಗೆ ಬರುವಷ್ಟರಲ್ಲಿ ಒಂದೇ ಬಣ್ಣ.
ಗಿಣಿ ಹಸಿರು, ದಾಳಿಂಬೆ ಕೆಂಪು, ಯಾರದೋ ಮದುವೆಯ ಅರಿಶಿಣ
ಸುಣ್ಣ ಕುಡಿದು, ಪಟಿಕ ಕುಡಿದು
ತೊಟ್ಟಿಯ ತಳದಲ್ಲಿ ಕಪ್ಪಗೆ ಕೂತಿರುತ್ತವೆ,
ಮಜ್ಜಿಗೆಗಿಂತ ದಪ್ಪ, ಅಂಬಲಿಗಿಂತ ತೆಳುವು.

ಗುರುಪಾದಪ್ಪ ಕೊಕಟನೂರ ಸನ್ನೆ ಎಳೆಯುತ್ತಾನೆ.
ಮೂವತ್ತಾರು ಪ್ಲೇಟು ಎದೆಗೆ ಎದೆ ಹಚ್ಚಿ ನಿಲ್ಲುತ್ತವೆ.
ಪಂಪು ಕೆಮ್ಮಿ ಶುರುವಾಗುತ್ತದೆ.
ಮೊದಲು ನಲ್ಲಿಗಳೆಲ್ಲ ಒಟ್ಟಿಗೇ ಮಾತಾಡುತ್ತವೆ,
ಆಮೇಲೆ ಒಂದೊಂದೇ.
ಮುಳ್ಳು ಆರು ದಾಟಿದಾಗ
ಹನಿಗೂ ಹನಿಗೂ ನಡುವೆ
ಒಂದು ಎಲಿಅಡಕಿ ಮಡಚುವಷ್ಟು ಬಿಡುವು.
"ಇನ್ನ ಅದರ ಹೊಟ್ಯಾಗ ಏನೂ ಇಲ್ಲ ತಂಗಿ."

ನಾನು ಲ್ಯಾಬಿನವಳು, ನಂಬುವುದಿಲ್ಲ.
ಬಿದ್ದ ಬಿಲ್ಲೆಯ ಚೂರೊಂದನ್ನು ತೂಗಿ
ನೂರಾ ಐದು ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ
ಮತ್ತೆ ತೂಗುತ್ತೇನೆ.
ನೂರಕ್ಕೆ ಅರವತ್ತೆಂಟು ನೀರು.
ಇಷ್ಟು ಹಿಂಡಿದ ಮೇಲೂ,
ಹೆಬ್ಬೆರಳಿನ ಗುರುತು ಹಿಡಿದು ನಿಲ್ಲುವಷ್ಟು ಗಟ್ಟಿಯಾದ ಮೇಲೂ.
ಹೇಳಿದರೆ ನಗುತ್ತಾನೆ:
"ನಿನ್ನ ಒಲಿ ಬಾಳ ಕೇಳತೈತಿ. ನನ್ನ ಪ್ರೆಸ್ಸು ಅಷ್ಟು ಕೇಳೂದಿಲ್ಲ."

ಬುಧವಾರ ಹದಿನೇಳರ ನಲ್ಲಿ ಕಲಕಿತು.
ಉಳಿದವೆಲ್ಲ ತಿಳಿ, ಅದೊಂದೇ ಕರಿ ನೀರು.
ಅರಿವೆ ಹರಿದಿತ್ತು. ಹೊಸದು ಅಹಮದಾಬಾದಿನಿಂದ ಬರಲು
ಎಂಟು ದಿನ. ಮ್ಯಾನೇಜರು ಫೋನಿನಲ್ಲಿ, "ಹಂಗೇ ಓಡಸ್ರಿ."
ಗುರುಪಾದಪ್ಪ ಓಡಿಸಲಿಲ್ಲ.
ಅರಿವೆ ಕಳಚಿ ಹೌದಿನ ಕಟ್ಟೆಯ ಮೇಲೆ ಹಾಸಿ ತೊಳೆದ.
ಕಣ್ಣು ಎಲ್ಲೋ ಇತ್ತು, ಬೆರಳು ಓದುತ್ತಿತ್ತು.
"ಹಾಸು ಗಟ್ಟಿ ಐತಿ. ಹೊಕ್ಕು ಸಡಿಲ. ನೇದಾಂವ ಅವಸರದಾಗ ಇದ್ದ."
ಮೂವತ್ತೊಂದು ವರ್ಷ ಕುಣಿಮಗ್ಗಕ್ಕೆ ಇಳಿಬಿಟ್ಟ ಕಾಲು
ಈಗ ಗಮ್‌ಬೂಟಿನಲ್ಲಿ.
ಕಿಸೆಯಿಂದ ಸೂಜಿ, ನೈಲಾನ್ ದಾರ.
ತುದಿಯನ್ನು ಬಾಯಿಗೆ ಒಯ್ದವನು
ತಡೆದು, ಅಂಗಿಗೆ ಒರೆಸಿ, ಪೋಣಿಸಿದ.

ಯಾರೂ ಉಡದ ಬಟ್ಟೆಗೆ
ಇಷ್ಟು ಸಣ್ಣ ಹೊಲಿಗೆ ಯಾಕೆ, ಕೇಳಿದೆ.
"ಸೀರಿ ಆಗಿದ್ರ ನಿರಗ್ಯಾಗ ಮುಚ್ಚಿ ಹೋಗತಿತ್ತು.
ಇದಕ್ಕ ನಿರಗಿ ಎಲ್ಲಿ ಐತಿ?"
ಸ್ವಲ್ಪ ಹೊತ್ತಿನ ಮೇಲೆ, ಗಂಟು ಹಾಕುತ್ತ,
"ನೀರು ಹಾಯಬೇಕು. ಬಣ್ಣ ಹಾಯಬಾರದು."

ರಾತ್ರಿ ಪಾಳಿ. ಹದಿನೇಳರ ನಲ್ಲಿ
ಹತ್ತು ನಿಮಿಷ ಮಬ್ಬು ಸುರಿಸಿ
ತಿಳಿಯಾಯಿತು. ಗಾಜಿನ ಗ್ಲಾಸು ಟ್ಯೂಬ್‌ಲೈಟಿಗೆ ಹಿಡಿದು ನೋಡಿ
ಏನೂ ಅನ್ನದೆ ಚೆಲ್ಲಿದ.

ಬೆಳಗಿನ ಜಾವ ಪ್ಲೇಟು ಬಿಚ್ಚಿದಾಗ
ಧಪ್ ಧಪ್ ಬಿದ್ದ ಬಿಲ್ಲೆಗಳಲ್ಲಿ
ಒಂದರ ಮೈಮೇಲೆ ಮಾತ್ರ
ಇರುವೆ ಸಾಲಿನಂಥ ಹೊಲಿಗೆಯ ಗುರುತು.
ಲಾರಿ ಬರಲು ಇನ್ನೂ ಹೊತ್ತಿತ್ತು.
ಓವನ್ನಿಗೆ
ಪಕ್ಕದ್ದರ ಚೂರು ಮುರಿದುಕೊಂಡೆ.