ನಿಲ್ಲಲು ಒಂದು ಕಲ್ಲು

ಹನ್ನೊಂದು ಸಾವಿರ, ಅಂದ ಹುಡುಗ,
ಗಾಡಿಯ ಮುಖ ನೋಡದೆ, ಕೈಯೊಳಗಿನ ಪರದೆ ನೋಡಿ.
ಹೊರಗೆ ಹಾಸನದ ಬಿ.ಎಂ. ರಸ್ತೆಯ ಮಧ್ಯಾಹ್ನ.
ಒಳಗೆ ಮುಖ ಕಾಣುವಷ್ಟು ಒರೆಸಿದ ಟೈಲ್ಸು,
ಅದರ ಮೇಲೆ ಹೊಸ ಗಾಡಿ, ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ.

ಕೂತು ನೋಡಿ ಮೇಡಂ.
ಕೂತೆ. ಎರಡೂ ಪಾದ ನೆಲಕ್ಕೆ, ಹಿಮ್ಮಡಿಯ ಸಮೇತ.
ಹನ್ನೆರಡು ವರ್ಷವಾಗಿತ್ತು ಗಾಡಿ ಮೇಲಿಂದ
ನನ್ನ ಹಿಮ್ಮಡಿಗೆ ನೆಲ ತಗುಲಿ.
ಅಷ್ಟಕ್ಕೇ ಅರ್ಧ ಕೊಂಡ ಹಾಗಾಯಿತು.

ನನ್ನದು ಉದ್ದ ಕಾಲಿನದು.
ಬೆಟ್ಟಗುಡ್ಡಕ್ಕೆಂದೇ ಮಾಡಿ, ಬೆಟ್ಟಗುಡ್ಡದವರು ಕೊಳ್ಳಲಿಲ್ಲವೆಂದು
ಕಂಪನಿ ಕೈ ತೊಳೆದುಕೊಂಡ ಮಾಡೆಲ್.
ಬಣಕಲ್ಲಿನ ಎಸ್ಟೇಟ್ ರೈಟರ್ ಪಿಂಟೊ ಮಾರುವಾಗಲೇ ಹೇಳಿದ್ದ,
"ಹತ್ತೋದು ನಾನು ತೋರಿಸ್ತೀನಿ,
ಇಳಿಯೋದು ನೀವೇ ನೋಡ್ಕೊಳ್ಳಿ."

ನೋಡಿಕೊಂಡೆ.
ಐದಡಿಯ ಪಶು ಪರೀಕ್ಷಕಿಗೆ ನಿಲ್ಲಲು ಒಂದು ಕಲ್ಲು ಬೇಕು.
ಹಾಗಾಗಿ ಮೂಡಿಗೆರೆ ತಾಲ್ಲೂಕಿನ ಕಲ್ಲುಗಳೆಲ್ಲ ನನಗೆ ಪರಿಚಯ.
ಗುತ್ತಿಹಳ್ಳಿ ತಿರುವಿನ ಮೋರಿಕಟ್ಟೆ, ಎಡಗಾಲಿಗೆ.
ಬಾಳೂರಿನಲ್ಲಿ ಡೇರಿಯ ಮೆಟ್ಟಿಲು,
ಅಲ್ಲಿ ನಾಯಿ ಮಲಗಿದ್ದರೆ ಮುಂದಿನ ಲೈಟುಕಂಬದ ಬುಡ.
ಜಾವಳಿಯಲ್ಲಿ ಏನೂ ಇಲ್ಲ.
ಜಾವಳಿಯ ಅಂಗಳಗಳಲ್ಲಿ ಸುತ್ತು ಹೊಡೆಯುತ್ತಲೇ ಕೇಳುತ್ತೇನೆ,
ಹಸು ಬೆದೆಗೆ ಬಂದು ಎಷ್ಟು ಹೊತ್ತಾಯಿತು,
ಹೋದ ಸಲ ಎಷ್ಟನೇ ದಿನಕ್ಕೆ ತಿರುಗಿತು.
ಮೂರನೇ ಸುತ್ತಿಗೆ ಯಾರಾದರೂ ಬಂದು
ಹಿಂದಿನ ಸಾರಜನಕದ ಕ್ಯಾನು ಹಿಡಿಯುತ್ತಾರೆ, ಮಗುವನ್ನು ಹಿಡಿದ ಹಾಗೆ.

ಇದರ ಸಾಮಾನು ಎಲ್ಲೂ ಸಿಗುವುದಿಲ್ಲ.
ಸಿಗುವುದಿಲ್ಲ ಅನ್ನುವುದನ್ನು ಝಕ್ರಿಯಾ ಒಪ್ಪುವುದಿಲ್ಲ.
ಕ್ಲಚ್ ಕೇಬಲ್ಲು ಯಾವುದೋ ಆಟೋದ್ದು,
ಹಿಂದಿನ ಚಕ್ರದ ಬೇರಿಂಗು ಕಾಫಿ ಪಲ್ಪರಿನದು.
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಒತ್ತಿ
"ಇದು ಸುಳ್ಳು ಹೇಳಲ್ಲ ಅಕ್ಕ" ಅನ್ನುತ್ತಾನೆ.
ಹೇಳಲ್ಲ, ನಿಜ.
ಆದರೆ ಸತ್ಯವನ್ನು ಮಾತ್ರ ಯಾವಾಗಲೂ
ರಾತ್ರಿ ಎಂಟರ ಮೇಲೆ, ಸಿಗ್ನಲ್ ಇಲ್ಲದ ಕಡೆಯೇ ಹೇಳುತ್ತದೆ.

ಫೋಟೊ ತೆಗೆಯಲು ಹುಡುಗ ಹೊರಗೆ ಬಂದ.
ಟ್ಯಾಂಕಿನ ಕೆಳಗೆ ಬಗ್ಗಿ, ಇದೇನು ಮೇಡಂ, ಈ ಕಿವಿ?
ರಿಸರ್ವ್. ಪೆಟ್ರೋಲ್ ಮುಗಿದಾಗ ತಿರುಗಿಸಿದರೆ
ಇನ್ನೂ ಒಂದು ಲೀಟರ್ ಇರುತ್ತದೆ.
ಮುಗಿದ ಮೇಲೆ ಹೇಗೆ ಇರುತ್ತೆ?
ತಿರುಗಿಸಿದ. ಕಿಟ್. ಮತ್ತೆ ತಿರುಗಿಸಿದ. ಕಿಟ್.
ನಕ್ಕ, ಗಿಲಕಿ ಸಿಕ್ಕವನ ಹಾಗೆ.
ಮ್ಯಾನೇಜರಿಗೆ ಹೇಳಿ ಹದಿನಾಲ್ಕು ಮಾಡಿಸ್ತೀನಿ, ಅಂದ.
ಯಾಕೋ ನಾಚಿಕೆಯಾಯಿತು ನನಗೆ.
ನಾಳೆ ಬರ್ತೀನಿ ಅಂದೆ. ಆಯ್ತು ಮೇಡಂ ಅಂದ.
ಇಬ್ಬರಿಗೂ ಗೊತ್ತಿತ್ತು.

ಹಗರೆ ದಾಟಿ ಒಂದು ಮೈಲಿ, ಆಲೂಗಡ್ಡೆ ಹೊಲಗಳ ನಡುವೆ
ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ಸುಮ್ಮನಾಯಿತು.
ಕೈ ತಾನಾಗಿ ಕೆಳಗಿಳಿಯಿತು.
ಕಿವಿ ಆಗಲೇ ತಿರುಗಿತ್ತು.
ರಿಸರ್ವಿನಲ್ಲೇ ಬಿಟ್ಟಿದ್ದಾನೆ ಪುಣ್ಯಾತ್ಮ,
ಇದ್ದದ್ದನ್ನೂ, ಇರಲಿ ಅಂತ ಇದ್ದದ್ದನ್ನೂ
ಒಟ್ಟಿಗೇ ಉರಿಸಿಕೊಂಡು ಬಂದಿದ್ದೇನೆ ಗೊತ್ತಿಲ್ಲದೆ.
ಬೈದೆ. ಯಾರನ್ನು ಅಂತ ನೋಡಲಿಲ್ಲ.
ಕಲ್ಲು ಹುಡುಕಿದೆ. ಇಲ್ಲಿಯ ಕಲ್ಲುಗಳು ನನ್ನವಲ್ಲ,
ಎಲ್ಲ ಆರಿಸಿ ಬದುವಿಗೆ ಹಾಕಿದ್ದಾರೆ.
ಎಡಕ್ಕೆ ವಾಲಿಸಿ, ಜಾರಿ, ಹಾರಿದೆ.

ಮೂಟೆ ತುಂಬಿದ ಟ್ರ್ಯಾಕ್ಟರಿನ ಮೇಲಿಂದ ಒಬ್ಬ ಕೂಗಿದ,
"ಸಿಗೋದೇ ಇಲ್ಲ ಕಣಮ್ಮ ಈ ಗಾಡಿ, ಕೊಡ್ತೀರಾ?"
ಹೇಳಲು ಉಸಿರಿರಲಿಲ್ಲ. ತಲೆಯಾಡಿಸಿದೆ.
ಸೀಟಿಗೆ ಸೊಂಟ ಆನಿಸಿ, ಹ್ಯಾಂಡಲ್ಲು ಹಿಡಿದು
ಬಂಕಿನ ಕಡೆ ತಳ್ಳುತ್ತ ನಡೆದೆ,
ಎರಡೂ ಪಾದ ನೆಲಕ್ಕೆ, ಹಿಮ್ಮಡಿಯ ಸಮೇತ.