ಎರಡು ವಾರದ ಮಟ್ಟಿಗೆ

ಎಪ್ಪತ್ತೈದು ಕುದುರೆಯ ಎಂಜಿನ್ನು ಉಸಿರು ಬಿಟ್ಟದ್ದು
ಅಲ್ ರಮ್ಸ್ ಅಳಿವೆಯ ಬಾಯಲ್ಲಿ, ದಂಡೆಗೆ ಕೂಗಳತೆಯಲ್ಲಿ.
ಪಿಸ್ಟನ್, ಅಂದೆ. ಪಿಸ್ಟನ್, ಅಂದ ಖಮೀಸ್ ಬಿನ್ ಸುಹೈಲ್.
ಆರು ವರ್ಷದಿಂದ ನಮ್ಮಿಬ್ಬರ ನಡುವೆ
ಓಡಾಡಿದ್ದು ಇಂಥ ಹತ್ತಿಪ್ಪತ್ತು ಮಾತು:
ಪ್ಲಗ್ಗು, ಗ್ರೀಸು, ಐಸು, ಬುಕ್ರಾ.
ಬುಕ್ರಾ ಅಂದರೆ ನಾಳೆ. ಸಂಬಳದ ನಾಳೆ ಸ್ವಲ್ಪ ಉದ್ದ.

ದೊಡ್ಡದನ್ನು ಪಿಕಪ್ಪಿನಲ್ಲಿ ಮಲಗಿಸಿ, ಗೋಣಿ ಹೊದಿಸಿ
ಶಾರ್ಜಾಕ್ಕೆ ಕಳಿಸಿದೆವು.
ಅವನ ಅಳಿಯನ ಶೆಡ್ಡಿನಲ್ಲಿ, ಮುರಿದ ಸೈಕಲ್ಲಿನಡಿ
ಹದಿನೈದರದ್ದೊಂದು ಸಿಕ್ಕಿತು: ಮೂತಿಗೆ ಜೇಡರ ಬಲೆ, ಕಾಲು ಗಿಡ್ಡ.
ಗಿಡ್ಡ ಕಾಲಿನದನ್ನು ಎತ್ತರಕ್ಕೆ ಕಟ್ಟಿದರೆ
ಫ್ಯಾನು ನೀರು ಬಿಟ್ಟು ಗಾಳಿ ತಿನ್ನುತ್ತದೆ,
ಅರಚುತ್ತದೆ, ಹೋಗುವುದಿಲ್ಲ.
ಹೊನ್ನಾವರದ ಕಾಸರಕೋಡಿನಲ್ಲಿ ಸೋದರಮಾವ
ಬೈಗುಳದ ಜೊತೆ ಕಲಿಸಿದ್ದು ಇದು.

ಅದಕ್ಕೇ ಹಲಗೆ. ಮರಳಲ್ಲಿ ಅರ್ಧ ಹೂತ ಹಳೇ ಮಂಜಿಯ
ಸಾಗುವಾನಿ (ನಮ್ಮ ಕಡೆಯದೇ ಇರಬೇಕು,
ಗರಗಸ ಇಟ್ಟಾಗ ಎದ್ದ ವಾಸನೆ ಗುರುತಿನದು)
ಮೊಳ ಉದ್ದ ಕೊಯ್ದು, ನಡುವಿನಿಂದ ಚೂರು ಬಲಕ್ಕೆ
ಬೋಲ್ಟು ಬಿಗಿದು, ಗೇಣು ಕೆಳಗಿಳಿಸಿ ಕೂರಿಸಿದೆ.
ದೊಡ್ಡದು ಬಿಟ್ಟುಹೋದ ನಾಲ್ಕು ತೂತಿಗೆ
ಹತ್ತಿ ಸುತ್ತಿದ ಬೆಣೆ.
ಸ್ಟೀರಿಂಗ್ ಚಕ್ರ ಯಾವುದಕ್ಕೂ ತಾಗದೆ
ಸುಮ್ಮನೆ ತಿರುಗುತ್ತಿತ್ತು; ನೋಡಲಾಗದೆ
ಹಗ್ಗ ಹಾಕಿ ಕಟ್ಟಿದೆ.

ನೀರಿಗಿಳಿಸಿದರೆ ದೋಣಿ ಮೂಗು ಅದ್ದಿ ನಿಂತಿತು.
ಹಿಂದೆ ಇನ್ನೂರು ಕಿಲೋ ಇದ್ದಲ್ಲಿ ಈಗ ನಲವತ್ತು.
ಐಸಿನ ಪೆಟ್ಟಿಗೆ ಹಿಂದಕ್ಕೆ ತಳ್ಳಿದೆ. ಮರಳಿನ ಚೀಲ.
ಸಾಲಲಿಲ್ಲ.
ಮುಂದೆ ತನ್ನ ಮೆತ್ತೆಯ ಮೇಲೆ ಕೂತ ಮಾಲೀಕನಿಗೆ
ಹಿಂದೆ ಬಾ ಅನ್ನುವುದು ಹೇಗೆ?
ತೂಕ ಬೇಕು, ಅಂದೆ, ಪೆಟ್ಟಿಗೆಯ ಕಡೆ ನೋಡುತ್ತ.
ಎದ್ದು ಬಂದ. ಭುಜಕ್ಕೆ ಭುಜ ತಾಗುವಷ್ಟೇ ಜಾಗ.
ಮೆತ್ತೆ ಅಲ್ಲೇ ಉಳಿಯಿತು.

ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ.
ಹೊಲಿಗೆ ಮಿಷನ್ನಿನಷ್ಟು ಸದ್ದು.
ಬೋಳು ಬೆಟ್ಟ ಹಿಂದೆ ಸರಿಯದೆ ಕೂತೇ ಇತ್ತು.
ಪಕ್ಕದ ದೋಣಿಯ ಮಲಬಾರಿ ಹುಡುಗರು
ದಾಟಿ ಹೋಗುವಾಗ ಸಿಳ್ಳೆ ಹಾಕಿದರು.

ಮೂರನೆಯ ದಿನ ಕೇಳಿದ, ಹಿಂದಿ ಅರ್ಧ ಅರಬ್ಬಿ ಅರ್ಧ:
ನಿನ್ನ ಹೆಸರು ಇಟ್ಟವರು ಯಾರು?
ಶುಕ್ರ ಅಂದರೆ ಶುಕ್ರನ್ ಅಂತಲೇ ಅವನು ತಿಳಿದಿದ್ದ;
ದೇವರಿಗೆ ಋಣಿಯಾದ ಯಾವನೋ ತಂದೆ ಇಟ್ಟದ್ದು, ಅಂತ.
ಅಲ್ಲ ಮಾರಾಯ, ಅದು ವಾರ. ಹುಟ್ಟಿದ ದಿನ.
ನಮ್ಮ ಖಾರ್ವಿ ಕೇರಿಯಲ್ಲಿ ಅಣ್ಣ ಸೋಮ, ಅಕ್ಕ ಮಂಗಳಿ,
ನಾನು ಹೀಗೆ.
ನಕ್ಕ. ಉಳಿದ ಹಲ್ಲೆಲ್ಲ ಕಂಡವು.
ಖಮೀಸ್ ಅಂದರೆ ಗುರುವಾರವಂತೆ.
ಆ ವರ್ಷ ನಮ್ಮಮ್ಮನ ಹತ್ತಿರ ಮಗುವಿಗೆ ಕೊಡಲು
ದಿನ ಬಿಟ್ಟು ಬೇರೇನೂ ಇರಲಿಲ್ಲ, ಅಂದ.
ನಮ್ಮಲ್ಲೂ, ಅಂದೆ.
ಆಮೇಲೆ ಬಹಳ ಹೊತ್ತು ಮಾತಿಲ್ಲ.
ತಂತಿಬುಟ್ಟಿ ಎತ್ತಿದರೆ ನಾಲ್ಕು ಶೇರಿ ಮೀನು, ಒಂದು ಏಡಿ.

ಹದಿನೇಳನೆಯ ದಿನ ದೊಡ್ಡದು ಬಂತು,
ಹೊಸ ಬಣ್ಣ ಬಳಿದುಕೊಂಡು.
ಬೆಣೆ ಹೊಡೆದು ತೆಗೆದೆ; ಉಬ್ಬಿದ್ದವು, ಸುಲಭಕ್ಕೆ ಬರಲಿಲ್ಲ.
ದೋಣಿ ಮೂಗೆತ್ತಿ ಹಾರಿತು.
ಅವನು ಮುಂದೆ, ಮೆತ್ತೆಯ ಮೇಲೆ. ನಾನು ಚಕ್ರಕ್ಕೆ.
ತಿರುಗಿ ಏನೋ ಕೂಗಿದ. ಆ ಸದ್ದಿನಲ್ಲಿ
ನನ್ನ ಹೆಸರೋ, ಇನ್ನೊಂದೋ, ತಿಳಿಯಲಿಲ್ಲ.

ಹಲಗೆ ಬಿಚ್ಚಲು ಸ್ಪ್ಯಾನರ್ ಹಿಡಿದಾಗ
ಖಲ್ಲಿ, ಅಂದಿದ್ದ. ಇರಲಿ ಬಿಡು.
ಓಡುವಾಗ ಅದು ನೀರು ಜಗ್ಗುತ್ತದೆ, ಬೆನ್ನಿಗೆ ಎರಚುತ್ತದೆ,
ದಿನಕ್ಕೆ ಎರಡು ಲೀಟರ್ ಪೆಟ್ರೋಲು ದಂಡ.
ಪ್ರತಿ ಸಂಜೆ ಲೆಕ್ಕದ ಪುಸ್ತಕದಲ್ಲಿ ಬೇರೆ ಸಾಲಿನಲ್ಲೇ ಬರೆಯುತ್ತೇನೆ.
ಕನ್ನಡಕ ಏರಿಸಿ, ಓದಿ, ಸಹಿ ಹಾಕುತ್ತಾನೆ.